ನಾಲ್ಕು ದಿನ ಹಾಸನ, ಮೂರು ರಾತ್ರಿ ಸಾಂಟಾ ಕಾರ್ಲಾ

ಮೊದಲ ದಿನ, ಶುಕ್ರವಾರ

ಅಕ್ಕ ಮತ್ತು ಅವಳ ಇಬ್ಬರು ಹುಡುಗರು ಬೆಳಗಿನ ಬಸ್ಸಿಗೆ ಬರುವವರಿದ್ದರು. ನಾನು ಅರ್ಧ ಗಂಟೆ ಮೊದಲೇ ಹಾಸನದ ಬಸ್ ನಿಲ್ದಾಣಕ್ಕೆ ಹೋಗಿ ಕಾಯುತ್ತಾ ನಿಂತೆ. ಅಲ್ಲೊಂದು ಕಂಬದ ಮೇಲೆ 'ಕಾಣೆಯಾಗಿದ್ದಾರೆ' ಅಂತ ಪೋಸ್ಟರ್ ಅಂಟಿಸಿದ್ದರು. ಮಳೆ ಬಿದ್ದು ಮುಖ ಅಳಿಸಿಹೋಗಿತ್ತು. ವಯಸ್ಸು ಮಾತ್ರ ಓದಬಹುದಿತ್ತು, 16 ವರ್ಷ. ನನ್ನ ದೊಡ್ಡ ಅಳಿಯನಿಗೆ 17. ಹೊಟ್ಟೆಯಲ್ಲಿ ಒಂಥರಾ ಆಯಿತು.

ಅವರು ಈ ಸಲ ಸುಮ್ನೆ ರಜೆಗೆ ಬಂದವರಲ್ಲ. ಅಕ್ಕ, ಭಾವ ಬೇರೆಯಾಗಿ ಆರು ತಿಂಗಳಾಗಿದೆ. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ, ಅಕ್ಕ ಮಕ್ಕಳನ್ನು ಕರೆದುಕೊಂಡು ಅಪ್ಪನ ಮನೆಗೆ, ಅಂದರೆ ಬೇಲೂರು ರಸ್ತೆಯ ಪಕ್ಕದ ನಮ್ಮ ಹಳ್ಳಿಗೆ ಬಂದುಬಿಟ್ಟಳು. ಚಿಕ್ಕವನಿಗೆ 13, ಅವನು ಎಲ್ಲಿದ್ದರೂ ಮಾತಾಡಿಕೊಂಡು ಇರುತ್ತಾನೆ. ದೊಡ್ಡವನದ್ದೇ ಚಿಂತೆ. ಬೆಂಗಳೂರಿನಲ್ಲಿ ಅವನು ರಾತ್ರಿ ಹೊತ್ತು ಫ್ಲೈಓವರ್ ಮೇಲೆ ಬೈಕಿನ ಮುಂದಿನ ಚಕ್ರ ಎತ್ತಿ ವೀಲಿ ಮಾಡುವ ಹುಡುಗರ ಗುಂಪು ಸೇರಿಕೊಂಡಿದ್ದ, ಹಗಲೆಲ್ಲ ಮಲಗುತ್ತಿದ್ದ, ಕೇಳಿದರೆ ಸಿಡುಕುತ್ತಿದ್ದ. ಇದನ್ನು ಅಕ್ಕ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ನೆನಪಾಗಿದ್ದು ಒಂದು ಸಿನಿಮಾ.

'ದಿ ಲಾಸ್ಟ್ ಬಾಯ್ಸ್'. 1987ರದ್ದು, ನಿರ್ದೇಶಕ ಜೋಯಲ್ ಶುಮಾಕರ್. ಕಾಲೇಜಿನ ದಿನಗಳಲ್ಲಿ ರೂಮಿನಲ್ಲಿ ಸಿಡಿ ಹಾಕಿ ನೋಡಿದ್ದೆ, ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅದರ ಕಥೆ ಶುರುವಾಗುವುದು ಹೀಗೆ: ಗಂಡನಿಂದ ಬೇರೆಯಾದ ಒಬ್ಬ ತಾಯಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಸಾಂಟಾ ಕಾರ್ಲಾ ಅನ್ನುವ ಕಡಲ ತೀರದ ಊರಿಗೆ, ತನ್ನ ಅಪ್ಪನ ಮನೆಗೆ ಬರುತ್ತಾಳೆ. ದೊಡ್ಡ ಮಗ ಮೈಕಲ್ ಬೈಕ್ ಓಡಿಸುವ ಹುಡುಗರ ಗುಂಪು ಸೇರುತ್ತಾನೆ. ಆ ಹುಡುಗರು ಹಗಲು ಮಲಗುತ್ತಾರೆ, ರಾತ್ರಿ ಎದ್ದು ರಕ್ತ ಕುಡಿಯುತ್ತಾರೆ, ಅಂದರೆ ವ್ಯಾಂಪೈರ್‌ಗಳು. ಚಿಕ್ಕವನು ಸ್ಯಾಮ್ ತನ್ನ ಅಣ್ಣನನ್ನು ಹೇಗಾದರೂ ವಾಪಸ್ ತರಬೇಕು. ಇಷ್ಟೇ ಕಥೆ. ಹೆದರಿಸುತ್ತದೆ, ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಆದರೆ ನಾನು ಅದನ್ನು ಮತ್ತೆ ಮತ್ತೆ ನೋಡುವುದು ಆ ಇಬ್ಬರು ಅಣ್ಣತಮ್ಮಂದಿರಿಗಾಗಿ.

ಅದಕ್ಕೇ ಈ ಪ್ಲ್ಯಾನ್. ಹಗಲು ಹುಡುಗರನ್ನು ಜಿಲ್ಲೆ ಸುತ್ತಿಸುವುದು, ರಾತ್ರಿ ಸಿನಿಮಾ. ಅಮೆರಿಕದಲ್ಲಿ ಇದಕ್ಕೆ 'ಆರ್' ಸರ್ಟಿಫಿಕೇಟ್ ಇದೆ, 17 ತುಂಬದವರು ದೊಡ್ಡವರ ಜೊತೆಗೆ ಬಂದರೆ ಮಾತ್ರ ಥಿಯೇಟರ್ ಒಳಗೆ ಬಿಡುತ್ತಾರೆ. ಹಾಗಾಗಿ ಅಕ್ಕನನ್ನು ಕೇಳಿದೆ. ಪೂರ್ತಿ ಕಥೆ ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತೋರ್ಸು, ನಾನೂ ಕೂತ್ಕೋತೀನಿ" ಅಂದಳು.

ಮಧ್ಯಾಹ್ನ ಎಲ್ಲೂ ಹೋಗಲಿಲ್ಲ. ತಾತ ಹುಡುಗರಿಗೆ ತೋಟ ತೋರಿಸಿದರು. ದೊಡ್ಡವನು ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ.

ರಾತ್ರಿ ಲ್ಯಾಪ್‌ಟಾಪನ್ನು ಹಾಲಿನ ಟಿವಿಗೆ ಜೋಡಿಸಿದೆ. ಈ ಸಿನಿಮಾದ ಮೊದಲ ದೃಶ್ಯವನ್ನು ಕತ್ತಲಲ್ಲೇ ನೋಡಬೇಕು. ಕ್ಯಾಮೆರಾ ಕಪ್ಪು ಸಮುದ್ರದ ಮೇಲೆ ಹಾರಿ ಬಂದು, ದೀಪ ಝಗಮಗಿಸುವ ಜಾತ್ರೆಯಂಥ ಜಾಗದ ಕಡೆ ಇಳಿಯುತ್ತದೆ. ಹಾರುತ್ತಿರುವವರು ಯಾರು ಅಂತ ತೋರಿಸುವುದಿಲ್ಲ. ಮುಂದೆಯೂ ಹೆಚ್ಚಾಗಿ ಹೀಗೆಯೇ, ಮೇಲಿನಿಂದ ಎರಗುವ ಕಣ್ಣಷ್ಟೇ ನಮಗೆ ಸಿಗುತ್ತದೆ. ಛಾಯಾಗ್ರಾಹಕ ಮೈಕಲ್ ಚಾಪ್‌ಮನ್. ದುಡ್ಡು ಸುರಿದು ಗ್ರಾಫಿಕ್ಸ್ ಮಾಡಿದ ಎಷ್ಟೋ ಸಿನಿಮಾಗಳಲ್ಲಿ ಸಿಗದ ಭಯ ಈ ಒಂದು ಉಪಾಯದಲ್ಲಿ ಸಿಕ್ಕಿದೆ.

ಸಾಂಟಾ ಕಾರ್ಲಾ ಅನ್ನುವ ಊರು ಕಲ್ಪನೆ. ಶೂಟಿಂಗ್ ನಡೆದದ್ದು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ. ಅಲ್ಲಿ ಕಡಲ ಪಕ್ಕದಲ್ಲೇ 1907ರಿಂದ ಒಂದು ಬೋರ್ಡ್‌ವಾಕ್ ಇದೆ, ತೊಟ್ಟಿಲು, ಕುದುರೆ ಚಕ್ರ, ಆಟದ ಅಂಗಡಿ ಎಲ್ಲಾ ಸೇರಿ ವರ್ಷವಿಡೀ ನಿಂತ ಜಾತ್ರೆ ಅನ್ನಿ. ತೆರೆಯ ಮೇಲೆ ಕಾಣುವ ಮರದ ರೋಲರ್ ಕೋಸ್ಟರ್ 1924ರದ್ದು, ಈಗಲೂ ಓಡುತ್ತಿದೆ. ಸಿನಿಮಾದಲ್ಲಿ ಊರಿನ ಸ್ವಾಗತ ಫಲಕದ ಹಿಂದೆ 'ಜಗತ್ತಿನ ಕೊಲೆಗಳ ರಾಜಧಾನಿ' ಅಂತ ಯಾರೋ ಗೀಚಿರುತ್ತಾರೆ. ಅದು ಕಥೆಗಾರರು ಸುಮ್ನೆ ಹೊಸೆದದ್ದಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಸಾಂಟಾ ಕ್ರೂಜ್ ಸುತ್ತ ಸರಣಿ ಕೊಲೆಗಳು ನಡೆದು ಊರಿಗೆ ಅಂಥ ಹೆಸರು ಬಂದಿತ್ತು. ಅದರ ಹಿಂದೆಯೇ ಕಾಣೆಯಾದ ಹುಡುಗರ ಪೋಸ್ಟರುಗಳು ಬರುತ್ತವೆ. ನನಗೆ ಬೆಳಗಿನ ಕಂಬ ನೆನಪಾಯಿತು.

ಆಮೇಲೆ ಊಟದ ದೃಶ್ಯ. ಗುಹೆಯಲ್ಲಿ ಗುಂಪಿನ ನಾಯಕ ಡೇವಿಡ್, ಅಂದರೆ ಕೀಫರ್ ಸದರ್‌ಲ್ಯಾಂಡ್, ಮೈಕಲ್‌ಗೆ ಚೈನೀಸ್ ಊಟ ಕೊಡುತ್ತಾನೆ. ಅನ್ನ ಬಾಯಿಗಿಟ್ಟ ಮೇಲೆ "ಹುಳ ಹೇಗಿದೆ" ಅನ್ನುವ ಹಾಗೆ ಕೇಳುತ್ತಾನೆ. ಬಗ್ಗಿ ನೋಡಿದರೆ ಡಬ್ಬಿ ತುಂಬಾ ಹುಳ. ಆಮೇಲೆ ನೂಡಲ್ಸ್ ಎರೆಹುಳವಾಗುತ್ತದೆ. ಅವತ್ತು ಅಜ್ಜಿ ರಾತ್ರಿಗೆ ಒತ್ತು ಶ್ಯಾವಿಗೆ, ಕಾಯಿಹಾಲು ಮಾಡಿದ್ದರು. ಚಿಕ್ಕವನ ಕೈಯಲ್ಲಿ ತಟ್ಟೆ ಇತ್ತು. ಅವನು ತಟ್ಟೆ ನೋಡಿದ, ಟಿವಿ ನೋಡಿದ, ಮೆಲ್ಲಗೆ ತಟ್ಟೆ ನೆಲಕ್ಕಿಟ್ಟ. ದೊಡ್ಡವನು ನಕ್ಕುಬಿಟ್ಟ. ಆರು ತಿಂಗಳಲ್ಲಿ ಅವನು ನಕ್ಕಿದ್ದನ್ನು ನೋಡಿದ್ದು ಇದೇ ಮೊದಲು ಅಂತ ಅಕ್ಕ ಆಮೇಲೆ ಹೇಳಿದಳು. ಅಷ್ಟರಲ್ಲಿ ಗುಡುಗು ಬಂತು, ಕರೆಂಟ್ ಹೋಯಿತು. ಅವತ್ತಿನ ಸಿನಿಮಾ ಅಲ್ಲಿಗೇ ನಿಂತಿತು.

ಎರಡನೇ ದಿನ, ಶನಿವಾರ

ಬೆಳಗ್ಗೆ ಅಕ್ಕಿ ರೊಟ್ಟಿ ತಿಂದು ದೊಡ್ಡಗದ್ದವಳ್ಳಿಗೆ ಹೊರಟೆವು. ಹಾಸನದಿಂದ ಬೇಲೂರು ರಸ್ತೆಯಲ್ಲಿ ಹೋಗಿ ಒಳಕ್ಕೆ ತಿರುಗಿದರೆ ಸುಮಾರು 20 ಕಿಲೋಮೀಟರ್ ಆಗುತ್ತದೆ. ಬೇಲೂರು ಹಳೇಬೀಡಿಗೆ ಬರುವ ಜನರಲ್ಲಿ ಎಷ್ಟೋ ಮಂದಿ ಈ ತಿರುವನ್ನು ದಾಟಿ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆರೆಯ ಪಕ್ಕ, ಕಲ್ಲಿನ ಪೌಳಿಯೊಳಗೆ ಲಕ್ಷ್ಮೀದೇವಿ ದೇವಸ್ಥಾನ ಇದೆ. 1114ರ ಸುಮಾರಿಗೆ ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು, ಅಂದರೆ ಇದು ಅದಕ್ಕಿಂತ ಹಳೆಯದು. ನಾಲ್ಕು ಗರ್ಭಗುಡಿಗಳು ಒಂದೇ ಕಡೆ ಸೇರುತ್ತವೆ.

ನಾನು ಹುಡುಗರನ್ನು ಕರೆದುಕೊಂಡು ಹೋಗಿದ್ದು ಅದರಲ್ಲಿ ಒಂದು ಗುಡಿಗೆ, ಕಾಳಿಯ ಗುಡಿಗೆ. ಅದರ ಬಾಗಿಲಿನ ಎರಡೂ ಪಕ್ಕ ಎರಡು ಬೇತಾಳಗಳು ನಿಂತಿವೆ. ಬಟ್ಟೆಯಿಲ್ಲ, ಮಾಂಸವಿಲ್ಲ, ಬರೀ ಎಲುಬು. ಪಕ್ಕೆಲುಬನ್ನು ಒಂದೊಂದಾಗಿ ಎಣಿಸಬಹುದು. ಹೊರಗಿನ ಬಿಸಿಲಿನಿಂದ ಒಳಗೆ ಬಂದು ಕಣ್ಣು ಕತ್ತಲೆಗೆ ಒಗ್ಗುವಾಗ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ನಿಧಾನವಾಗಿ ಪಕ್ಕದಲ್ಲೇ ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ, ಆ ಕ್ಷಣ ಇದೆಯಲ್ಲ, ಅದನ್ನು ಯಾವ ಫೋಟೋದಲ್ಲೂ ತರಲು ಆಗುವುದಿಲ್ಲ. ಚಿಕ್ಕವನು ನನ್ನ ಅಂಗಿ ಹಿಡಿದುಕೊಂಡ.

"ಇದು ವ್ಯಾಂಪೈರಾ ಮಾವ?"

ಒಂದು ರೀತಿಯಲ್ಲಿ ಹೌದು. 1870ರಲ್ಲಿ ರಿಚರ್ಡ್ ಬರ್ಟನ್ ಅನ್ನುವ ಇಂಗ್ಲಿಷರವನು ವಿಕ್ರಮ ಬೇತಾಳನ ಕಥೆಗಳನ್ನು ತನ್ನ ಭಾಷೆಗೆ ತಂದಾಗ ಬೇತಾಳನನ್ನು ವ್ಯಾಂಪೈರ್ ಅಂತಲೇ ಕರೆದ. ಬ್ರಾಮ್ ಸ್ಟೋಕರ್‌ನ ಡ್ರಾಕುಲಾ ಬಂದದ್ದು 1897ರಲ್ಲಿ. ಅಂದರೆ ಡ್ರಾಕುಲಾ ಹುಟ್ಟುವ 27 ವರ್ಷ ಮೊದಲೇ ನಮ್ಮ ಬೇತಾಳ ಇಂಗ್ಲಿಷಿನಲ್ಲಿ ವ್ಯಾಂಪೈರ್ ಆಗಿದ್ದ. ಆದರೆ ನಮ್ಮವನು ರಕ್ತಕ್ಕಿಂತ ಜಾಸ್ತಿ ಮಾತಿಗೆ ಬೀಳುವವನು. ಮರಕ್ಕೆ ತಲೆಕೆಳಗಾಗಿ ಜೋತುಬಿದ್ದಿರುತ್ತಾನೆ, ರಾಜ ಹೆಗಲ ಮೇಲೆ ಹೊತ್ತುಕೊಂಡರೆ ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ.

"ಅವರೂ ಹಾಗೇ ಮಲಗ್ತಾರಾ? ತಲೆಕೆಳಗಾಗಿ?" ಅಂತ ದೊಡ್ಡವನು ಕೇಳಿದ. ಅವನಾಗಿಯೇ ಕೇಳಿದ ಮೊದಲ ಪ್ರಶ್ನೆ. ಹೌದು, ಸಿನಿಮಾದ ಹುಡುಗರೂ ಗುಹೆಯ ಚಾವಣಿಗೆ ಕಾಲುಗುರು ಸಿಕ್ಕಿಸಿ ಬಾವಲಿಗಳ ಹಾಗೆ ನೇತಾಡುತ್ತಾ ಮಲಗುತ್ತಾರೆ. "ಇನ್ನೂ ಬರುತ್ತೆ ಇರು" ಅಂದೆ.

ಹಳೇಬೀಡಿನಲ್ಲಿ ಜನ ಜಾಸ್ತಿ ಇದ್ದರು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಸಹಜವೇ. ಹೊಯ್ಸಳೇಶ್ವರ ನೋಡಿ ಮುಗಿಸಿ ಕೆರೆ ಏರಿಯ ಕಡೆ ಹೋದೆವು. ಈ ಊರಿನ ಹಳೆಯ ಹೆಸರು ದೋರಸಮುದ್ರ ಅಂದಾಗ ಚಿಕ್ಕವನು "ಇಲ್ಲೆಲ್ಲಿದೆ ಸಮುದ್ರ" ಅಂದ. ಕೆರೆ ತೋರಿಸಿದೆ. ಕಡಲಿನಿಂದ ಇಷ್ಟು ದೂರದ ಬಯಲಲ್ಲಿ ಇದ್ದ ಜನ ನೀರು ಕಟ್ಟಿ ನಿಲ್ಲಿಸಿ ಅದನ್ನೇ ಸಮುದ್ರ ಅಂದರು. 1311ರಲ್ಲಿ ಮಲಿಕ್ ಕಾಫರ್ ಸೇನೆ ಬಂದು ರಾಜಧಾನಿಯನ್ನು ಲೂಟಿ ಮಾಡಿತು, ಆಮೇಲೆ ಇದು ಹಳೇ ಬೀಡಾಯಿತು. ಸಮುದ್ರ ಮಾತ್ರ ಉಳಿದಿದೆ. ಏರಿ ಮೇಲೆ ಕೂತು ಕಡಲೆಕಾಯಿ ತಿಂದೆವು.

ರಾತ್ರಿ ಎರಡನೇ ಕಂತು. ಶುರುವಿಗೇ ಸೇತುವೆ. ಗುಂಪಿನ ಹುಡುಗರು ಮಂಜು ಮುಸುಕಿದ ರೈಲು ಸೇತುವೆಯ ಅಡಿಗೆ ಇಳಿದು ಕೈಯಲ್ಲಿ ಕಂಬಿ ಹಿಡಿದು ನೇತಾಡುತ್ತಾರೆ. ತಲೆ ಮೇಲೆ ರೈಲು ಹೋಗುತ್ತದೆ, ಕಂಬಿ ಅದುರುತ್ತದೆ, ಒಬ್ಬೊಬ್ಬರೇ ನಗುತ್ತಾ ಕೈ ಬಿಟ್ಟು ಮಂಜಿನೊಳಗೆ ಬೀಳುತ್ತಾರೆ. ಕೊನೆಗೆ ಮೈಕಲ್ ಒಬ್ಬನೇ ಉಳಿಯುತ್ತಾನೆ. ಕೆಳಗಿನಿಂದ ಅವನ ಹೆಸರು ಕೂಗುತ್ತಾರೆ. ಕೈ ಸೋಲುತ್ತದೆ. ನಾನು ಟಿವಿ ಬಿಟ್ಟು ದೊಡ್ಡವನ ಮುಖವನ್ನೇ ನೋಡುತ್ತಿದ್ದೆ. ಅವನು ರೆಪ್ಪೆ ಹೊಡೆಯಲಿಲ್ಲ.

ನನ್ನ ಪ್ರಕಾರ ಈ ಸಿನಿಮಾದ ನಿಜವಾದ ದೊಡ್ಡತನ ಇಲ್ಲಿದೆ. ಅದಕ್ಕೂ ಮೊದಲು ಬಂದ ಇಂಥ ಕಥೆಗಳಲ್ಲಿ ವ್ಯಾಂಪೈರ್ ಅಂದರೆ ಹೆಚ್ಚಾಗಿ ಕೋಟೆಯಲ್ಲಿ ಒಬ್ಬನೇ ಇರುವ ವಯಸ್ಸಾದ ಜಮೀನ್ದಾರ. ಶುಮಾಕರ್ ಅವನಿಗೆ ಚರ್ಮದ ಜಾಕೆಟ್ ಹಾಕಿ, ಬೈಕ್ ಕೊಟ್ಟು, ಹದಿಹರೆಯದವನನ್ನಾಗಿ ಮಾಡಿದ, ಒಬ್ಬನ ಬದಲು ಗುಂಪು ಮಾಡಿದ. ಹೆಸರು ಬಂದದ್ದು ಜೆ. ಎಂ. ಬ್ಯಾರಿ 1904ರಲ್ಲಿ ರಂಗಕ್ಕೆ ತಂದ ಪೀಟರ್ ಪ್ಯಾನ್ ಕಥೆಯ, ಎಂದೂ ದೊಡ್ಡವರಾಗದ ಹುಡುಗರಿಂದ. ಈ ಗುಂಪು ನೋಡಲು ಚೆಂದ, ಹಾಡು ಚೆಂದ, ಬದುಕು ಮಜಾ ಅನ್ನಿಸುತ್ತದೆ. ಹಾಗೆ ಅನ್ನಿಸಬೇಕು. ಕೆಟ್ಟ ಸಹವಾಸ ಮೊದಲ ದಿನವೇ ಕೆಟ್ಟದಾಗಿ ಕಂಡರೆ ಯಾವ ಹುಡುಗ ಅದರ ಹಿಂದೆ ಹೋಗುತ್ತಾನೆ? ಬುದ್ಧಿ ಹೇಳುವ ಸಿನಿಮಾಗಳು ಈ ಒಂದು ವಿಷಯ ಮರೆತುಬಿಡುತ್ತವೆ.

ಗುಹೆಯಲ್ಲಿ ಡೇವಿಡ್ ಕೊಟ್ಟ ಬಾಟಲಿಯಿಂದ ಮೈಕಲ್ ಕುಡಿದದ್ದು ವೈನ್ ಅಲ್ಲ, ರಕ್ತ. ಆದರೆ ಅವನು ಇನ್ನೂ ಅರ್ಧ ವ್ಯಾಂಪೈರ್ ಮಾತ್ರ. ಮೊದಲ ಕೊಲೆ ಮಾಡುವವರೆಗೂ ಅರ್ಧವೇ, ವಾಪಸ್ ಬರಬಹುದು. ಕನ್ನಡಿಯಲ್ಲಿ ಅಣ್ಣನ ರೂಪ ಹೊಗೆಯ ಹಾಗೆ ಅರ್ಧ ಪಾರದರ್ಶಕವಾಗಿ ಕಂಡಾಗ ಸ್ಯಾಮ್ ಕಿರುಚುವ ರೀತಿ! ಅಮ್ಮನಿಗೆ ಹೇಳ್ತೀನಿ ಅಂತ ಬೆದರಿಸುತ್ತಾನೆ. ಮನೆಯೆಲ್ಲ ನಗುತ್ತಿದ್ದೆವು. ಸ್ಯಾಮ್ ಪಾತ್ರ ಮಾಡಿದ ಕೋರಿ ಹೇಮ್‌ಗೆ ಆಗ 15ರ ಆಸುಪಾಸು, ಭಯವನ್ನೂ ಕಾಮಿಡಿಯನ್ನೂ ಒಂದೇ ಮುಖದಲ್ಲಿ ತರುತ್ತಾನೆ. ಆ ಹುಡುಗ ಮುಂದೆ ಮಾದಕ ವಸ್ತುಗಳ ಚಟದಲ್ಲಿ ನಲುಗಿ 2010ರಲ್ಲಿ, 38ನೇ ವಯಸ್ಸಿಗೇ ತೀರಿಕೊಂಡ. ಇದನ್ನು ಅವತ್ತು ರಾತ್ರಿ ನಾನು ಹುಡುಗರಿಗೆ ಹೇಳಲಿಲ್ಲ.

ಬೀಚಿನಲ್ಲಿ ಬೆಂಕಿ ಹಾಕಿ ಕೂತವರ ಮೇಲೆ ಗುಂಪು ಎರಗುವ ದೃಶ್ಯದಲ್ಲಿ ರಕ್ತ ಜಾಸ್ತಿ. ಅಲ್ಲಿ ಸ್ವಲ್ಪ ಮುಂದಕ್ಕೆ ಓಡಿಸಿದೆ, ಚಿಕ್ಕವನು ಗಲಾಟೆ ಮಾಡಿದ. ಅಕ್ಕ ಕಣ್ಣಲ್ಲೇ ಬೇಡ ಅಂದಿದ್ದಳು.

ಮೂರನೇ ದಿನ, ಭಾನುವಾರ

ಗೊರೂರು ದಾರಿ ಹಿಡಿದು ಶೆಟ್ಟಿಹಳ್ಳಿಗೆ. ಹಾಸನದಿಂದ 20 ಕಿಲೋಮೀಟರ್ ಚಿಲ್ಲರೆ. ಸಿನಿಮಾ ನೋಡುವಾಗೆಲ್ಲ ನನಗೆ ಈ ಜಾಗ ನೆನಪಾಗುತ್ತದೆ, ಅದಕ್ಕೆ ಕಾರಣ ಇದೆ. ಕಥೆಯಲ್ಲಿ ಆ ಹುಡುಗರು ವಾಸ ಮಾಡುವುದು ಮಾಮೂಲಿ ಗುಹೆಯಲ್ಲಲ್ಲ. ಕಡಲ ಅಂಚಿನಲ್ಲಿದ್ದ ಒಂದು ದೊಡ್ಡ ಹೋಟೆಲ್ 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ಬಿರುಕಿನೊಳಗೆ ಕುಸಿದು ಹೋಯಿತು ಅಂತ ಡೇವಿಡ್ ಹೇಳುತ್ತಾನೆ. ಹೋಟೆಲ್ ಕಲ್ಪನೆ, ಭೂಕಂಪ ನಿಜ. ನೆಲದೊಳಗೆ ಮುಳುಗಿದ ಹೋಟೆಲಿನ ದೀಪಗುಚ್ಛ, ಕಾರಂಜಿ, ಮುರಿದ ಕಂಬಗಳ ನಡುವೆ ಅವರ ಸಂಸಾರ.

ನಮ್ಮಲ್ಲಿ ಮುಳುಗಿದ್ದು ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚ್. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ್ದು 1979ರಲ್ಲಿ ಮುಗಿಯಿತು, ಹಿನ್ನೀರು ಏರಿತು, ಜನ ಊರು ಬಿಟ್ಟರು, ಚರ್ಚ್ ಮಾತ್ರ ನಿಂತಲ್ಲೇ ನಿಂತಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಒಳಗೇ ನಡೆದುಹೋಗಬಹುದು. ಚಾವಣಿ ಇಲ್ಲ. ಕಮಾನುಗಳ ಮೂಲಕ ಆಕಾಶ. ಪ್ರತಿ ವರ್ಷ ಮುಳುಗಿ ಏಳುವ ಇಟ್ಟಿಗೆ ಗೋಡೆಯ ಮೇಲೆ ನೀರಿನ ಗೆರೆಗಳು. ಇಲ್ಲಿ ಮದುವೆಯಾದವರು, ಮಗುವಿಗೆ ಹೆಸರಿಟ್ಟವರು ಎಲ್ಲೋ ಬದುಕಿರುತ್ತಾರೆ ಅಲ್ವಾ, ಅವರಿಗೆ ಈ ಗೋಡೆ ಹೇಗೆ ಕಾಣುತ್ತದೋ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಗೋಡೆ ಮೇಲೆ ಹೆಸರು ಕೆತ್ತುವವರಿಗೆ ಇದು ತಿಳಿಯಬೇಕು.

ನಾನು ಫೋಟೋ ತೆಗೆಯುವುದರಲ್ಲಿದ್ದೆ. ತಿರುಗಿ ನೋಡಿದರೆ ದೊಡ್ಡವನು ಇಲ್ಲ. ಚರ್ಚಿನ ಹಿಂದೆ ಇಲ್ಲ, ಕಾರಿನ ಹತ್ತಿರ ಇಲ್ಲ, ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಹಿನ್ನೀರಿನ ಅಂಚಿನಲ್ಲಿ ಕೆಸರು ಎಲ್ಲಿ ಎಷ್ಟು ಆಳ ಅಂತ ಹೇಳಲು ಬರುವುದಿಲ್ಲ. ನನ್ನ ಕೈಕಾಲು ತಣ್ಣಗಾಯಿತು. ನಾನು ಕೂಗುತ್ತಾ ಒಂದು ಕಡೆ ಓಡಿದೆ. ಚಿಕ್ಕವನು ಕೂಗಲೂ ಇಲ್ಲ, ಕೇಳಲೂ ಇಲ್ಲ, ನೆಲದ ಮೇಲಿನ ಶೂ ಗುರುತು ನೋಡಿಕೊಂಡು ಇನ್ನೊಂದು ಕಡೆ ಹೋದ. ಸುಮಾರು ಮುಕ್ಕಾಲು ಗಂಟೆ ಆದ ಮೇಲೆ ಇಬ್ಬರೂ ದೂರದಲ್ಲಿ ಕಂಡರು. ಮೊಣಕಾಲವರೆಗೆ ಕೆಸರು. ಚಿಕ್ಕವನು ಮುಂದೆ, ದೊಡ್ಡವನು ಹಿಂದೆ. ನಾನು ಬೈಯಲಿಲ್ಲ. ಬೈಯಲು ಬಾಯಿ ಬರಲಿಲ್ಲ.

ವಾಪಸ್ ಬರುವಾಗ ಚಿಕ್ಕವನು ಹಿಂದಿನ ಸೀಟಿನಲ್ಲಿ ನಿದ್ದೆ ಹೋದ. ಆಗ ದೊಡ್ಡವನು ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದ.

"ಆ ಸೇತುವೆ ಸೀನ್ ನಿಜ ಮಾವ."

ನಾನು ಕಾರಿನ ವೇಗ ಕಡಿಮೆ ಮಾಡಿದೆ, ಮಾತಾಡಲಿಲ್ಲ.

ಅವನು ಹೇಳಿದ್ದು ಇಷ್ಟು. ಒಂದು ರಾತ್ರಿ ಅವರ ಗುಂಪಿನ ಹುಡುಗನೊಬ್ಬ ವೀಲಿ ಮಾಡುವಾಗ ಬಿದ್ದ. ಡಿವೈಡರಿಗೆ ಹೊಡೆದ. ಎಲ್ಲರೂ ಬೈಕ್ ತಿರುಗಿಸಿ ಹೊರಟುಬಿಟ್ಟರು. ಇವನು ನಿಂತ, ಆದರೆ ಹತ್ತಿರ ಹೋಗಲಿಲ್ಲ, ದೂರದಲ್ಲಿ ನಿಂತು ಆಂಬುಲೆನ್ಸ್ ಬರುವವರೆಗೂ ನೋಡುತ್ತಿದ್ದ. ಆ ಹುಡುಗ ಬದುಕಿದ್ದಾನೆ, ಕಾಲಿಗೆ ರಾಡ್ ಹಾಕಿದ್ದಾರೆ. ಮಾರನೇ ರಾತ್ರಿ ಗುಂಪಿನವರು ಮತ್ತೆ ಫೋನ್ ಮಾಡಿದರು. ಇವನು ಮತ್ತೆ ಹೋದ. "ಬೇಡ ಅನ್ಸಿತ್ತು. ಆದ್ರೆ ಬರಲ್ಲ ಅನ್ನೋಕೆ ಆಗ್ಲಿಲ್ಲ" ಅಂದ. ಅಕ್ಕನಿಗೆ ಇದು ಗೊತ್ತಿಲ್ಲ. "ಅಮ್ಮಂಗೆ ನೀನೇ ಹೇಳು" ಅಂದೆ. ತಲೆಯಾಡಿಸಿದ. ಹೇಳುತ್ತಾನೋ ಇಲ್ಲವೋ ಅಂತ ಕೇಳಲು ಹೋಗಲಿಲ್ಲ.

ರಾತ್ರಿ ಕೊನೆಯ ಕಂತಿಗೆ ತಾತನೂ ಬಂದು ಕೂತರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಚಿಕ್ಕವನು ಅನುವಾದ ಮಾಡುತ್ತಿದ್ದ. ಕಾಮಿಕ್ಸ್ ಅಂಗಡಿಯ ಫ್ರಾಗ್ ಸಹೋದರರು, ತಮ್ಮನ್ನು ತಾವು ಸೈನಿಕರು ಅಂದುಕೊಂಡ ಆ ಇಬ್ಬರು ಹುಡುಗರು, ನೀರು ಚಿಮ್ಮುವ ಆಟದ ಬಂದೂಕಿಗೆ ತೀರ್ಥ ತುಂಬಿಸಿ ಯುದ್ಧಕ್ಕೆ ನಿಲ್ಲುವುದು, ಬೆಳ್ಳುಳ್ಳಿ ತೇಲುವ ಸ್ನಾನದ ತೊಟ್ಟಿಯೊಳಗೆ ನಾಯಿ ಒಬ್ಬನನ್ನು ಕೆಡವುವುದು, ಎಲ್ಲಕ್ಕೂ ತಾತ ಮಗುವಿನಂತೆ ನಕ್ಕರು. ಆ ನಾಯಿ ನನೂಕ್ ಅವರಿಗೆ ತುಂಬಾ ಇಷ್ಟವಾಯಿತು.

ನನಗೆ ಸಿನಿಮಾದ ಬಗ್ಗೆ ಇರುವ ಒಂದು ಬೇಸರವನ್ನೂ ಹೇಳಬೇಕು. ಸ್ಟಾರ್ ಅನ್ನುವ ಹುಡುಗಿಯೂ ಮೈಕಲ್‌ನಂತೆ ಅರ್ಧ ವ್ಯಾಂಪೈರ್. ಅವಳು ಯಾರ ಮಗಳು, ಹೇಗೆ ಆ ಗುಂಪಿಗೆ ಸಿಕ್ಕಿದಳು, ಅವಳ ಮನಸ್ಸಲ್ಲಿ ಏನಿದೆ, ಒಂದೂ ಇಲ್ಲ. ಕೊನೆಯ ಅರ್ಧ ಗಂಟೆ ಹೊಡೆದಾಟದ ಅವಸರದಲ್ಲಿ ಅವಳು ಮೂಲೆಗೆ ಹೋಗಿಬಿಡುತ್ತಾಳೆ. ಅಕ್ಕನೂ ಇದನ್ನೇ ಹೇಳಿದಳು.

ಇನ್ನೂ ನೋಡದವರು ಈ ಪ್ಯಾರಾ, ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ. ಗುಂಪಿನ ನಿಜವಾದ ಯಜಮಾನ ಡೇವಿಡ್ ಅಲ್ಲ, ತಾಯಿಯ ಹಿಂದೆ ಬಿದ್ದಿದ್ದ ವಿಡಿಯೋ ಅಂಗಡಿಯ ಸಭ್ಯ ಮನುಷ್ಯ ಮ್ಯಾಕ್ಸ್. ಹುಡುಗರು ಅವನನ್ನು ಮೊದಲೇ ಊಟಕ್ಕೆ ಕೂರಿಸಿ ಬೆಳ್ಳುಳ್ಳಿ, ತೀರ್ಥ, ಕನ್ನಡಿ ಎಲ್ಲಾ ಹಿಡಿದು ಪರೀಕ್ಷೆ ಮಾಡಿರುತ್ತಾರೆ. ಒಂದೂ ಕೆಲಸ ಮಾಡಿರುವುದಿಲ್ಲ. ಏಕೆಂದರೆ ಅವತ್ತು ಅವನು ಹೊಸ್ತಿಲ ಹೊರಗೆ ನಿಂತು, ಮನೆಯ ಗಂಡಸು ನೀನೇ ಅಲ್ವಾ, ನೀನು ಕರೆದರೆ ಬರುತ್ತೇನೆ ಅಂತ ಮೈಕಲ್ ಬಾಯಿಂದ ಕರೆಸಿಕೊಂಡಿರುತ್ತಾನೆ. ಕರೆದು ಒಳಗೆ ಬಿಟ್ಟುಕೊಂಡ ವ್ಯಾಂಪೈರ್ ಮೇಲೆ ಯಾವ ಮಂತ್ರವೂ ನಡೆಯುವುದಿಲ್ಲ.

ತಾತ ಇದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಎದ್ದು ಟಾರ್ಚ್ ತಂದು, ಹುಡುಗರನ್ನು ಹೊರಗೆ ಕರೆದುಕೊಂಡು ಹೋಗಿ ಹಳೆಯ ಹಿಂಬಾಗಿಲು ತೋರಿಸಿದರು. ಅದರ ಮೇಲೆ ಮಸುಕಾಗಿ, ಸುಣ್ಣದಲ್ಲಿ ಬರೆದ ಅಕ್ಷರ ಇನ್ನೂ ಇದೆ: ನಾಳೆ ಬಾ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರಿನಲ್ಲಿ ಬಾಗಿಲ ಮೇಲೆ ಹೀಗೆ ಬರೆದಿದ್ದರು. ರಾತ್ರಿ ದೆವ್ವ ಬಂದು ಅಮ್ಮನ ಧ್ವನಿಯಲ್ಲೋ ನೆಂಟರ ಧ್ವನಿಯಲ್ಲೋ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬಾಗಿಲ ಮೇಲೆ ನಾಳೆ ಬಾ ಅಂತ ಇದ್ದರೆ ಓದಿಕೊಂಡು ಹೋಗುತ್ತದೆ, ಮಾರನೇ ದಿನ ಬಂದರೂ ಮತ್ತೆ ಅದೇ ಓದುತ್ತದೆ. ಆ ಅಕ್ಷರ ಬರೆದದ್ದು ಅಕ್ಕ. ನಾನು ಪಕ್ಕದಲ್ಲಿ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದೆ. ಎಷ್ಟು ಹೆದರಿದ್ದೆ ಅಂದರೆ, ಅವತ್ತು ರಾತ್ರಿ ಅವಳ ಲಂಗದ ತುದಿ ಹಿಡಿದುಕೊಂಡೇ ಮಲಗಿದ್ದೆ. "ಅಕ್ಷರ ವಕ್ರ ಆಗಿದೆ ನೋಡು" ಅಂತ ಅಕ್ಕ ನಕ್ಕಳು. ದೊಡ್ಡವನು ಆ ಬಾಗಿಲನ್ನು ಕೈಯಲ್ಲಿ ಸವರಿದ.

ಒಳಗೆ ಬಂದು ಉಳಿದ ಹತ್ತು ನಿಮಿಷ ನೋಡಿದೆವು. ಸಿನಿಮಾದ ತಾತ ಜೀಪಿಗೆ ಬೇಲಿ ಗೂಟ ಕಟ್ಟಿಕೊಂಡು ಗೋಡೆ ಒಡೆದು ನುಗ್ಗುವಾಗ ನಮ್ಮ ತಾತ ಚಪ್ಪಾಳೆ ಹೊಡೆದರು. ಆ ಊರಿನ ಪಿಶಾಚಿಗಳ ವಿಷಯ ಅವನಿಗೆ ಮೊದಲಿಂದಲೂ ಗೊತ್ತಿತ್ತು ಅನ್ನುವುದು ಕೊನೆಯ ಮಾತಿನಲ್ಲಿ ತಿಳಿಯುತ್ತದೆ.

ಮಲಗುವ ಮುಂಚೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಕ್ಕ ಮತ್ತು ದೊಡ್ಡವನ ದನಿ ಕೇಳುತ್ತಿತ್ತು. ನಾನು ನೀರು ಕುಡಿಯಲು ಹೋಗುವವನು ವಾಪಸ್ ಬಂದೆ.

ನಾಲ್ಕನೇ ದಿನ, ಸೋಮವಾರ

ತಡವಾಗಿ ಎದ್ದು, ತಡವಾಗಿ ಹೊರಟು ಸಕಲೇಶಪುರ. ಅಕ್ಕ ಬರಲಿಲ್ಲ, ಕಣ್ಣು ಕೆಂಪಗಿತ್ತು, ಆದರೆ ಹೊರಡುವಾಗ ದೊಡ್ಡವನ ತಲೆಗೂದಲು ಸರಿಮಾಡಿ ಕಳಿಸಿದಳು. ಅವನು ತಲೆ ಕೊಡವಲಿಲ್ಲ.

ಮಂಜರಾಬಾದ್ ಕೋಟೆಗೆ ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, ಫ್ರೆಂಚ್ ಮಾದರಿ, ಎಂಟು ಮೂಲೆಯ ನಕ್ಷತ್ರದ ಆಕಾರ. ಕೆಳಗೆ ನಿಂತರೆ ನಕ್ಷತ್ರ ತಿಳಿಯುವುದಿಲ್ಲ, ಗೋಡೆ ಮೇಲೆ ಸುತ್ತು ಹಾಕಬೇಕು. ಒಂದು ಮೂಲೆ, ಒಳಕ್ಕೆ ಮಡಿಕೆ, ಮತ್ತೆ ಮೂಲೆ. "ಸ್ಟಾರ್" ಅಂದ ಚಿಕ್ಕವನು. "ಅವಳಿಗೂ ಕಥೆ ಕೊಡಬೇಕಿತ್ತು" ಅಂದ ದೊಡ್ಡವನು. ನಡುವೆ ನೆಲದಡಿಯ ಕೋಣೆಗಳಿವೆ. ಇಳಿದರೆ ತಣ್ಣಗೆ, ಬಾವಲಿ ವಾಸನೆ. ಇಬ್ಬರೂ ತಲೆ ಎತ್ತಿ ಚಾವಣಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಓಡಿ ಮೇಲೆ ಬಂದರು.

ಆಕಾಶ ತಿಳಿಯಾಗಿದ್ದರೆ ಇಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ ಅನ್ನುತ್ತಾರೆ. ಪಶ್ಚಿಮದ ಗೋಡೆ ಮೇಲೆ ಕೂತೆವು. ಮುಂದೆ ಘಟ್ಟ, ಅದರ ಹಿಂದೆ ಇನ್ನೊಂದು ಘಟ್ಟ, ನೀಲಿ, ಆಮೇಲೆ ಇನ್ನೂ ತೆಳು ನೀಲಿ. ಎಲ್ಲಕ್ಕೂ ಆಚೆ ಒಂದು ಬಿಳಿ ಗೆರೆ ಇತ್ತು.

"ಅದೇ ಕಡಲು" ಅಂದ ಚಿಕ್ಕವನು.

"ಮೋಡ ಕಣೋ."

"ಕಡಲೇ. ಹೊಳೀತಿದೆ ನೋಡು."

"ಮೋಡಾನೂ ಹೊಳೆಯುತ್ತೆ."

ಹೀಗೇ ಅರ್ಧ ಗಂಟೆ ಜಗಳ ಆಡಿದರು. ನಾನು ಮಧ್ಯೆ ಹೋಗಲಿಲ್ಲ. ಬಿಸಿಲು ಇಳಿಯುತ್ತಿತ್ತು, ಕೋಟೆಯ ಕಾವಲಿನವರು ಎಲ್ಲರನ್ನೂ ಇಳಿಯಲು ಹೇಳುತ್ತಾ ಬಂದರು. ಮೆಟ್ಟಿಲು ಇಳಿಯುವಾಗ ದೊಡ್ಡವನು ಜೇಬಿನಿಂದ ಫೋನ್ ತೆಗೆದ. ಇಯರ್‌ಫೋನ್ ಹಾಕಲಿಲ್ಲ.

"ಅಮ್ಮಾ, ಹೊರಟ್ವಿ. ಲೇಟ್ ಆಗುತ್ತೆ, ಕಾಯ್ತಿರು."

ಚಿಕ್ಕವನು ಅಣ್ಣನ ಕೈಯಿಂದ ಫೋನ್ ಕಿತ್ತುಕೊಂಡು, ಅಜ್ಜಿಗೆ ಕೊಡು ಅಂತ ಕೂಗಿ, ರಾತ್ರಿಗೆ ಒತ್ತು ಶ್ಯಾವಿಗೆ ಮಾಡು ಅಂದ.